ಬಾಯಿ ಕಟ್ಟದ್ದಕ್ಕೆ ಬಂದ ಕಾಯಿಲೆಯಲ್ಲ

ಕಿಡ್ನಿ ಕಸಿಯಾದವರಿಗೆ ಹೊಸದಾಗಿ ಸಕ್ಕರೆ ಕಾಯಿಲೆ ಬಂದರೆ ಮನೆಯವರು ಮೊದಲು ಕೇಳುವುದು ‘ಏನು ತಿಂದೆ?’ ಎಂದು. ಈ ಪ್ರಶ್ನೆ ಮಾಡುವ ಹಾನಿಯನ್ನು ಮತ್ತೆ ಮತ್ತೆ ನೋಡುತ್ತಿರುವುದರಿಂದ ಈ ಪ್ರಕರಣವನ್ನು ಗುರುತು ಮರೆಸಿ ಬರೆಯುತ್ತಿದ್ದೇನೆ.

ಆಕೆಗೆ ನಲವತ್ತರ ಆಸುಪಾಸು. ಕಿಡ್ನಿ ಕೊಟ್ಟವರು ಒಡಹುಟ್ಟಿದ ಅಣ್ಣ. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೋಲಿಮಸ್ ಮಾತ್ರೆಯ ಮಟ್ಟ ರಕ್ತದಲ್ಲಿ ಪದೇ ಪದೇ ಕಡಿಮೆ ಬರುತ್ತಿದ್ದುದರಿಂದ ವೈದ್ಯರು ನನ್ನ ಬಳಿ ಕಳಿಸಿದ್ದರು.

ಸಕ್ಕರೆ ಬರೆದಿಡುವ ಪುಸ್ತಕ ತೆರೆದು ತೋರಿಸಿದರು. ಬೆಳಗಿನ ಖಾಲಿ ಹೊಟ್ಟೆಯ ಅಂಕಿಗಳು 98, 104, 101. ಮಧ್ಯಾಹ್ನದ ಊಟದ ನಂತರದ ಸಾಲು ಪೂರ್ತಿ ಖಾಲಿ. ಏಕೆಂದು ಕೇಳಿದೆ.

“240 ಬರುತ್ತದೆ ಮೇಡಂ. ಬರೆದರೆ ಅಣ್ಣ ನೋಡುತ್ತಾನೆ. ಅವನು ಮೈ ಕೊಯ್ಯಿಸಿಕೊಂಡು ಕಿಡ್ನಿ ಕೊಟ್ಟ, ನನಗೆ ಬಾಯಿ ಕಟ್ಟಲೂ ಆಗಲಿಲ್ಲ. ಆ ಮಾತ್ರೆಯಿಂದಲೂ ಸಕ್ಕರೆ ಏರುತ್ತದಂತೆ. ಅದಕ್ಕೇ ರಾತ್ರಿಯದನ್ನು ಬಿಡುತ್ತಿದ್ದೇನೆ.”

ಪಥ್ಯದ ಮಾತನ್ನು ಅಲ್ಲಿಗೇ ಬದಿಗಿಟ್ಟೆ. ಸಕ್ಕರೆ ಏಕೆ ಏರುತ್ತದೆಂದು ವಿವರಿಸಿದೆ. ಕಸಿಯ ನಂತರ ಕಿಡ್ನಿ ಕಾಪಾಡಲು ಕೊಡುವ ಇನ್ನೊಂದು ಔಷಧವಾದ ಸ್ಟಿರಾಯ್ಡ್ ಇರುವಾಗ ಯಕೃತ್ತು, ಸ್ನಾಯುಗಳು ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಅದನ್ನು ಬೆಳಿಗ್ಗೆ ನುಂಗುವುದರಿಂದ ಸಕ್ಕರೆ ಏರುವುದು ಮಧ್ಯಾಹ್ನದಿಂದ ಸಂಜೆಯವರೆಗೆ. ಖಾಲಿ ಹೊಟ್ಟೆಯ ಪರೀಕ್ಷೆ ಚೆನ್ನಾಗಿಯೇ ಬರಬಹುದು. ಟ್ಯಾಕ್ರೋಲಿಮಸ್ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಸ್ರವಿಸುವುದನ್ನೇ ತಗ್ಗಿಸುತ್ತದೆ. ಸೋತ ಕಿಡ್ನಿಯಿದ್ದಾಗ ಇನ್ಸುಲಿನ್ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತಿತ್ತು. ಹೊಸ ಕಿಡ್ನಿ ಅದನ್ನು ಚುರುಕಾಗಿ ವಿಲೇವಾರಿ ಮಾಡುತ್ತದೆ. ಅಂದರೆ ಅಣ್ಣನ ಕಿಡ್ನಿ ಚೆನ್ನಾಗಿ ಕೆಲಸ ಮಾಡುತ್ತಿರುವುದಕ್ಕೂ ಈ ಅಂಕಿಗೂ ಸಂಬಂಧವಿದೆ ಎಂದಾಗ ಆಕೆ ಮೊದಲ ಬಾರಿಗೆ ತಲೆಯೆತ್ತಿ ನೋಡಿದರು. (ಕಸಿಯಾದ ಮೊದಲ ತಿಂಗಳುಗಳಲ್ಲಿ ರಕ್ತಹೀನತೆ, ರಕ್ತ ಏರಿಸಿದ್ದು ಇತ್ಯಾದಿಗಳಿಂದ ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆಯೂ ದಾರಿ ತಪ್ಪಿಸಬಹುದು. ಅದೊಂದನ್ನೇ ನಂಬಿ ಕೂರಬೇಡಿ.)

ನನ್ನ ಸಲಹೆ ಹೀಗಿತ್ತು: ಎಷ್ಟು ಮಾತ್ರೆ ಬಿಟ್ಟಿದ್ದೀರೆಂದು ಇವತ್ತೇ ವೈದ್ಯರಿಗೆ ಹೇಳಿ. ಪ್ರಮಾಣ ಬದಲಿಸುವುದು ಅವರ ಕೆಲಸ. ಸಕ್ಕರೆ ಇಳಿಸಲು ಔಷಧವಿದೆ. ದೇಹ ತಿರಸ್ಕರಿಸಿದ ಕಿಡ್ನಿಯನ್ನು ಪ್ರತಿ ಸಲವೂ ಉಳಿಸಿಕೊಳ್ಳಲು ಆಗುವುದಿಲ್ಲ. ಖಾಲಿ ಸಾಲನ್ನು ತುಂಬಿ, ಅಣ್ಣನಿಗೆ ನೀವೇ ತೋರಿಸಿ.

ಪಥ್ಯವನ್ನು ಮುಂದೂಡಿದ್ದಕ್ಕೆ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ತೂಕ, ನಡಿಗೆ, ಊಟದ ಅಳತೆ ಎಲ್ಲವೂ ಮುಖ್ಯ, ಒಪ್ಪುತ್ತೇನೆ. ಆದರೆ ತಾನೇ ತಪ್ಪಿತಸ್ಥೆ ಎಂದು ಕುಗ್ಗಿಹೋದವರ ಕೈಗೆ ಆ ಹೊತ್ತಿನಲ್ಲಿ ಪಥ್ಯದ ಪಟ್ಟಿ ಕೊಟ್ಟರೆ ಅದು ಆರೋಪಪಟ್ಟಿಯಂತೆ ಕಾಣುತ್ತದೆ. ಅಂಥವರು ಅಂಕಿ ಮುಚ್ಚಿಡುತ್ತಾರೆ, ಮಾತ್ರೆ ಬಿಡುತ್ತಾರೆ. ಇನ್ನೊಬ್ಬರು ಹೀಗೆಯೇ ಬಂದರೂ ನಾನು ಇದೇ ಕ್ರಮವನ್ನು ಅನುಸರಿಸುತ್ತೇನೆ.

ವೈದ್ಯರು ಬೆಳಗಿನ ಹೊತ್ತಿಗೆ ಇನ್ಸುಲಿನ್ ಆರಂಭಿಸಿದರು. ಟ್ಯಾಕ್ರೋಲಿಮಸ್ ಮಟ್ಟ ಹದಕ್ಕೆ ಬಂದ ಮೇಲೆ ಅಣ್ಣ ತಂಗಿ ಇಬ್ಬರನ್ನೂ ಆಹಾರತಜ್ಞರ ಬಳಿ ಕಳಿಸಿದೆ.