ಡೆಸ್ಕ್‌ಟಾಪ್‌ನ ರ‍್ಯಾಮ್ ಅನ್ನು ಮನೆಯಲ್ಲೇ ಬದಲಾಯಿಸಬಹುದೇ?

ಹಳೆಯ 4 ಜಿಬಿ ರ‍್ಯಾಮ್ ತೆಗೆದು 8 ಜಿಬಿಯ ಎರಡನ್ನು ನೀವೇ ಹಾಕಬಹುದೇ ಎಂದು ಕೇಳಿದ್ದೀರಿ. ಖಂಡಿತ ಹಾಕಬಹುದು, ಒಂದು ಸ್ಕ್ರೂಡ್ರೈವರ್ ಇದ್ದರೆ ಸಾಕು. ಕೊಳ್ಳುವ ಮುನ್ನ ಮಾತ್ರ ನಿಮ್ಮ ಕಂಪ್ಯೂಟರ್‌ನ ಮುಖ್ಯ ಬೋರ್ಡ್ ಆದ ಮದರ್‌ಬೋರ್ಡ್‌ಗೆ ಯಾವ ಬಗೆಯದು ಬೇಕೆಂದು ನೋಡಿಕೊಳ್ಳಿ. ರ‍್ಯಾಮ್‌ನ ಬಗೆಗಳಾದ ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್‌ಗಳೇ ಇದ್ದರೂ ಕೆಳ ಅಂಚಿನ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತದೆ. ಒಂದರ ಸ್ಲಾಟ್‌ನಲ್ಲಿ ಇನ್ನೊಂದು ಕೂರುವುದಿಲ್ಲ.

ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ ಅನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಿರಿ; ಒಳಗೆ ಉಳಿದ ವಿದ್ಯುತ್ ಖಾಲಿಯಾಗುತ್ತದೆ. ಕ್ಯಾಬಿನೆಟ್ ತೆರೆದ ಮೇಲೆ ಅದರ ಬಣ್ಣ ಬಳಿಯದ ಲೋಹದ ಭಾಗವನ್ನು ಮುಟ್ಟಿ. ಮೈಯಲ್ಲಿರುವ ಸ್ಥಿರ ವಿದ್ಯುತ್ ನಮಗೆ ಗೊತ್ತಾಗದಷ್ಟು ಕಡಿಮೆಯಿದ್ದರೂ ಚಿಪ್ ಅನ್ನು ಕೆಡಿಸಬಲ್ಲದು.

ಸ್ಲಾಟ್‌ನ ತುದಿಯ ಕ್ಲಿಪ್‌ಗಳನ್ನು ಹೊರಕ್ಕೆ ಬಾಗಿಸಿದರೆ ಹಳೆಯ ರ‍್ಯಾಮ್ ಮೇಲೇಳುತ್ತದೆ. ಕೆಲವು ಬೋರ್ಡ್‌ಗಳಲ್ಲಿ ಕ್ಲಿಪ್ ಒಂದೇ ಕಡೆ ಇರುತ್ತದೆ, ಇನ್ನೊಂದು ತುದಿಯನ್ನು ಮೀಟಲು ಹೋಗಬೇಡಿ.

ಹೊಸದನ್ನು ಹಾಕುವಾಗ ಹೆಚ್ಚಿನವರು ಎಡವುವುದು ಅಂಜಿಕೆಯಿಂದ: ಅರ್ಧ ಒತ್ತಿ ಕೈಬಿಡುತ್ತಾರೆ, ಪರದೆಯಲ್ಲಿ ಏನೂ ಮೂಡುವುದಿಲ್ಲ. ಕಚ್ಚನ್ನು ಸ್ಲಾಟ್‌ನ ಉಬ್ಬಿಗೆ ಹೊಂದಿಸಿ, ಎರಡೂ ತುದಿಗೆ ಹೆಬ್ಬೆರಳಿಟ್ಟು, ಕ್ಲಿಪ್ ತಾನಾಗಿಯೇ ಟಕ್ಕೆಂದು ಮುಚ್ಚಿಕೊಳ್ಳುವವರೆಗೂ ನೇರವಾಗಿ ಒತ್ತಿ. ಚಿನ್ನದ ಬಣ್ಣದ ಅಂಚು ಒಂದು ಕಡೆ ಹೆಚ್ಚು ಕಾಣುತ್ತಿದ್ದರೆ ಅದು ಸರಿಯಾಗಿ ಕೂತಿಲ್ಲ. ನಾಲ್ಕು ಸ್ಲಾಟ್‌ಗಳಿದ್ದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದನ್ನು ಬಳಸಬೇಕು. ಆಗ ಎರಡೂ ಜೋಡಿಯಾಗಿ ವೇಗವಾಗಿ ಕೆಲಸ ಮಾಡುತ್ತವೆ. ಡಿಡಿಆರ್5 ಆದರೆ ಮೊದಲ ಸಲ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಗಾಬರಿಯಾಗಿ ಸ್ವಿಚ್ ಆಫ್ ಮಾಡಬೇಡಿ.