ಸರ್ಕಾರಿ ಶಾಲೆಗಳಲ್ಲಿ ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ಪದ್ಧತಿಯಲ್ಲಿ ‘ಅ ಆ ಇ ಈ’ ಬಿಟ್ಟು ‘ರ ಗ ಸ ದ ಅ’ದಿಂದ ಯಾಕೆ ಶುರು ಮಾಡುತ್ತಾರೆ?

ಮಗು ಮೊದಲ ವಾರಗಳಲ್ಲೇ ಪದ ಓದಲಿ ಅಂತ.

ಈ ಐದೇ ಅಕ್ಷರ ಗೊತ್ತಿದ್ದರೆ ಸಾಕು: ಸರ, ರಸ, ದರ, ಅಗಸ, ಅರಸ, ಗರಗಸ. ಎಲ್ಲಾ ಮಗು ಓದಬಲ್ಲ ಪದಗಳೇ. ಆದರೆ ‘ಅ’ದಿಂದ ‘ಔ’ವರೆಗೆ ಕಲಿತ ಮಗುವಿಗೆ ಓದೋಕೆ ಏನು ಸಿಗುತ್ತೆ? ಹೆಚ್ಚೇನಿಲ್ಲ. ಕನ್ನಡದಲ್ಲಿ ಸ್ವರಾಕ್ಷರ ಸಾಮಾನ್ಯವಾಗಿ ಪದದ ಶುರುವಿನಲ್ಲಿ ಮಾತ್ರ ಬರುತ್ತದೆ. ಒಳಗೆ ಬಂದರೆ ಅದು ಕಾಗುಣಿತದ ಗುರುತಾಗಿ ವ್ಯಂಜನಕ್ಕೆ ಅಂಟಿಕೊಳ್ಳುತ್ತದೆ. ಹಾಗಾಗಿ ಬರೀ ಸ್ವರಗಳನ್ನು ಜೋಡಿಸಿ ಪದ ಕಟ್ಟೋದು ಕಷ್ಟ.

ಬರೆಯುವುದಕ್ಕೂ ಇದು ಸುಲಭ. ‘ರ’ ಅಂದರೆ ಒಂದು ಸೊನ್ನೆ, ಮೇಲೊಂದು ತಲೆಕಟ್ಟು. ಮುಂದಿನ ಗುಂಪು ‘ಜ ವ ಮ ಬ ನ’. ಅಲ್ಲಿ ‘ವ’ ಬರೆಯಲು ಬಂದ ಮಗು ಪಕ್ಕದಲ್ಲಿ ಒಂದು ಸುಳಿ ಸೇರಿಸಿದರೆ ‘ಮ’ ಆಯಿತು. ಕೈಗೆ ಪಳಗಿದ ಆಕಾರವೇ ಮತ್ತೆ ಬರುತ್ತದೆ ನೋಡಿ. ಜೊತೆಗೆ ಮರ, ಜನ, ಬಸವ ಎಲ್ಲ ಓದಲು ಬರುತ್ತೆ.

1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯ ಸರ್ಕಾರಿ ಶಾಲೆಗಳಲ್ಲಿ ಶುರುವಾದ ನಲಿಕಲಿಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಮಿಂಚುಪಟ್ಟಿಗಳನ್ನು (ಅಕ್ಷರ ಬರೆದ ಕಾರ್ಡುಗಳನ್ನು) ನೆಲದ ಮೇಲೆ ಹರಡಿಕೊಂಡು ‘ಗ’, ‘ರ’, ‘ಗ’, ‘ಸ’ ಜೋಡಿಸಿದ ಮಗು, ಬೆರಳಿಟ್ಟು ಒಂದೊಂದೇ ಅಕ್ಷರ ಹೇಳುತ್ತಾ ಹೋಗಿ, ಇದ್ದಕ್ಕಿದ್ದಂತೆ “ಗರಗಸ!” ಅಂತ ಕೂಗುತ್ತದೆ.

ಮನೆಯಲ್ಲಿ ವರ್ಣಮಾಲೆ ಹೇಳಿಕೊಡುತ್ತಿದ್ದರೆ ನಿಲ್ಲಿಸಬೇಕಿಲ್ಲ. ಬಾಯಿಪಾಠಕ್ಕೆ ಅದು ಇರಲಿ. ಓದಿಸುವಾಗ ಮಾತ್ರ ಶಾಲೆಯ ಕ್ರಮವನ್ನೇ ಹಿಡಿಯಿರಿ.