ಕಂಪ್ಯೂಟರ್ ಗ್ರಾಫಿಕ್ಸ್ ಇಲ್ಲದೆ, ಸಾಗರ ಪೇಟೆಯಲ್ಲೇ, ಗಾಡ್ಜಿಲ್ಲಾ ಥರದ ದೈತ್ಯನ ಕಿರುಚಿತ್ರ ತೆಗೆಯಬಹುದೇ?

ನೀವು ಕೇಳಿರುವುದು ಇಷ್ಟು: ನಾಲ್ವರು ಗೆಳೆಯರು, ಎಲ್ಲರೂ ಗಾಡ್ಜಿಲ್ಲಾ ಎಂಬ ಜಪಾನಿ ಸಿನಿಮಾ ದೈತ್ಯನ ಹುಚ್ಚಿನವರು. ಜೋಗದ ಕಮರಿಯಿಂದ ಎದ್ದ ದೈತ್ಯ ಪೇಟೆ ತುಳಿಯುವ ಹತ್ತು ನಿಮಿಷದ ಚಿತ್ರ ಮಾಡಬೇಕು. ಫೋಮಿನ ವೇಷ ಹಾಕಿ, ರಟ್ಟಿನ ಮನೆಗಳ ನಡುವೆ ಓಡಾಡಿ, ಫೋನಿನಲ್ಲಿ ಚಿತ್ರೀಕರಿಸಿ ನೋಡಿದಿರಿ. ಯಾರೋ ವೇಷ ತೊಟ್ಟು ಡಬ್ಬ ಒದ್ದ ಹಾಗೆ ಕಂಡಿತು. ಏಕೆ?

ಮುಖ್ಯ ಕಾರಣ ವೇಗ. ವೇಷ ಎಷ್ಟೇ ಚೆನ್ನಾಗಿರಲಿ, ಒಡೆದ ಗೋಡೆಯ ಚೂರು ಎಷ್ಟು ಬೇಗ ನೆಲ ಮುಟ್ಟಿತು ಅನ್ನುವುದನ್ನು ನೋಡಿಯೇ ನಮ್ಮ ಕಣ್ಣು ಗಾತ್ರವನ್ನು ಅಂದಾಜು ಮಾಡುತ್ತದೆ. ನಿಜವಾದ ಮನೆಯ 5 ಮೀಟರ್ ಎತ್ತರದಿಂದ ಹೆಂಚು ಜಾರಿದರೆ ಕೆಳಗೆ ಬೀಳಲು ಸುಮಾರು 1 ಸೆಕೆಂಡ್ ಬೇಕು. ನಿಮ್ಮ 20 ಸೆಂ.ಮೀ. ಮಾದರಿಯಿಂದ ಬಿದ್ದ ಚೂರಿಗೆ 0.2 ಸೆಕೆಂಡ್ ಸಾಕು. ಲೆಕ್ಕ ಸುಲಭ: ಅಳತೆ ಎಷ್ಟು ಪಟ್ಟು ಕುಗ್ಗಿದೆಯೋ ಅದರ ವರ್ಗಮೂಲದಷ್ಟು ಪಟ್ಟು ಕಾಲವನ್ನು ಹಿಗ್ಗಿಸಬೇಕು. 25ರಲ್ಲಿ ಒಂದು ಪಾಲಿನ ಮಾದರಿಗೆ 5 ಪಟ್ಟು. ಅಂದರೆ ಸೆಕೆಂಡಿಗೆ 120 ಫ್ರೇಮ್‌ನಲ್ಲಿ (ಬಿಡಿ ಚಿತ್ರಗಳಲ್ಲಿ) ತೆಗೆದು 24ರಲ್ಲಿ ಓಡಿಸಬೇಕು. ಫೋನಿನ ಸ್ಲೋ ಮೋಷನ್ ಬಟನ್ ಒತ್ತಿ ಅದು ಕೊಟ್ಟದ್ದನ್ನೇ ಹಾಕಿದರೆ ಆಗದು, ಏಕೆಂದರೆ ಹಲವು ಫೋನುಗಳು ಶುರು ಮತ್ತು ಕೊನೆಯನ್ನು ಮಾಮೂಲಿ ವೇಗದಲ್ಲಿ ಬಿಟ್ಟು ನಡುಭಾಗವನ್ನಷ್ಟೇ ನಿಧಾನ ಮಾಡುತ್ತವೆ. ಮೂಲ ಫೈಲನ್ನು ಎಡಿಟಿಂಗ್ ಆ್ಯಪಿಗೆ ತಂದು, 24ರ ಟೈಮ್‌ಲೈನಿನಲ್ಲಿ ವೇಗವನ್ನು ಶೇ 20ಕ್ಕೆ ಇಳಿಸಿ. 480, 960 ಅಂತ ಜಾಹೀರಾತಿನಲ್ಲಿ ಬರುವ ಸಂಖ್ಯೆ ನಂಬಬೇಡಿ. ಎಷ್ಟೋ ಫೋನುಗಳಲ್ಲಿ ನಡುವಿನ ಫ್ರೇಮುಗಳನ್ನು ಫೋನೇ ಊಹಿಸಿ ತುಂಬಿರುತ್ತದೆ. ಧೂಳು ಹಾರುವ ದೃಶ್ಯದಲ್ಲಿ ಅದು ಕಲಸುಮೇಲೋಗರವಾಗುತ್ತದೆ.

25ರ ಲೆಕ್ಕವನ್ನೇ ಹಿಡಿಯಿರಿ ಅನ್ನುವುದಕ್ಕೆ ಕಾರಣವಿದೆ. 1954ರ ಮೊದಲ ಗಾಡ್ಜಿಲ್ಲಾದ ಎತ್ತರ 50 ಮೀಟರ್. ಸ್ಪೆಷಲ್ ಎಫೆಕ್ಟ್ಸ್ ಹೊತ್ತಿದ್ದ ಎಯ್ಜಿ ತ್ಸುಬುರಾಯ ಟೋಕಿಯೊವನ್ನು ಕಟ್ಟಿಸಿದ್ದೂ ಇದೇ ಅಳತೆಯಲ್ಲಿ. ವೇಷ ತೊಟ್ಟ ಮನುಷ್ಯ ತಲೆಯೂ ಸೇರಿ ಸುಮಾರು 2 ಮೀಟರ್ ಆಗುತ್ತಾನೆ. 25ರಿಂದ ಗುಣಿಸಿದರೆ ಸರಿಯಾಗಿ 50. ಮುಂದಿನ ಚಿತ್ರಗಳಲ್ಲಿ ಊರಿನ ಕಟ್ಟಡಗಳು ಬೆಳೆದಂತೆ ದೈತ್ಯನೂ ಬೆಳೆದ: 1984ರಲ್ಲಿ 80 ಮೀಟರ್, 2014ರ ಅಮೆರಿಕನ್ ಚಿತ್ರದಲ್ಲಿ 108. ನಮ್ಮ ಪೇಟೆಯಲ್ಲಿ ಮೂರು ಮಹಡಿಯೇ ದೊಡ್ಡದು, 50 ಧಾರಾಳ ಸಾಕು.

ಈಗ ಎಲ್ಲವನ್ನೂ 25ರಿಂದ ಭಾಗಿಸಿ. 11 ಮೀಟರಿನ ಬಸ್ 44 ಸೆಂ.ಮೀ. 9 ಮೀಟರಿನ ಲೈಟ್ ಕಂಬ 36. 15 ಮೀಟರಿನ ಅಡಿಕೆ ಮರ 60. 6 ಮೀಟರ್ ಅಗಲದ ರಸ್ತೆ 24. ಜಾತ್ರೆಯಲ್ಲಿ ಸಿಗುವ ಆಟಿಕೆ ಬಸ್ಸನ್ನು ತಂದು ಇಡಬೇಡಿ, ಅದಕ್ಕೆ ಯಾವ ಅಳತೆಯೂ ಇರುವುದಿಲ್ಲ. ಒಂದೇ ಚೌಕಟ್ಟಿನಲ್ಲಿ ಎರಡು ಅಳತೆ ಬಂದರೆ ನೋಡುಗರಿಗೆ ತಪ್ಪು ಎಲ್ಲಿದೆ ಅಂತ ಹೇಳಲು ಬರದಿದ್ದರೂ ನಂಬಿಕೆ ಹೋಗಿರುತ್ತದೆ. ಮಂಗಳೂರು ಹೆಂಚು ಸುಮಾರು 40 ಸೆಂ.ಮೀ. ಉದ್ದ, ಮಾದರಿಯಲ್ಲಿ 16 ಮಿ.ಮೀ. ಪ್ಯಾಕಿಂಗ್ ರಟ್ಟಿನ ಒಂದು ಬದಿಯ ಕಾಗದವನ್ನು ಒದ್ದೆ ಮಾಡಿ ಸುಲಿದರೆ ಒಳಗಿನ ಅಲೆ ಕಾಣುತ್ತದೆ. ಅದನ್ನು 16 ಮಿ.ಮೀ. ಪಟ್ಟಿಗಳಾಗಿ ಕತ್ತರಿಸಿ, ಒಂದರ ಮೇಲೊಂದು 3 ಮಿ.ಮೀ. ಹೊದ್ದು ಬರುವಂತೆ ಅಂಟಿಸಿ, ಕಾವಿ ಬಣ್ಣ ಬಳಿದು, ನಡುನಡುವೆ ಕಪ್ಪು ಹಸಿರು ಒರೆಸಿ. ಮಲೆನಾಡಿನ ಮಾಡು ಹೊಸ ಕೆಂಪಿನಲ್ಲಿ ಹೊಳೆದರೆ ಯಾರೂ ಒಪ್ಪುವುದಿಲ್ಲ. ಅಡಿಕೆ ಸೋಗೆಗೆ ಜರೀಗಿಡದ 8–10 ಸೆಂ.ಮೀ. ತುದಿಗಳು ಹೇಳಿ ಮಾಡಿಸಿದ ಹಾಗಿವೆ. ಆದರೆ ಬಿಸಿಲಿಗೆ ಬೇಗ ಬಾಡುತ್ತವೆ, ಆದ್ದರಿಂದ ಕೊನೆ ಗಳಿಗೆಯಲ್ಲಿ ಸಿಕ್ಕಿಸಿ. ನೆಲಕ್ಕೆ ಹಾಕುವ ಕೆಂಪು ಮಣ್ಣನ್ನು ಸಣ್ಣ ಜರಡಿ ಹಿಡಿಯಲೇಬೇಕು: 1 ಮಿ.ಮೀ. ಕಾಳು ಪರದೆಯ ಮೇಲೆ ಎರಡೂವರೆ ಸೆಂ.ಮೀ. ಜಲ್ಲಿಯಾಗಿರುತ್ತದೆ. ಒಂದು ತರಗೆಲೆ, ಒಂದು ಕಟ್ಟಿರುವೆ ಸಾಕು, ಇಡೀ ಪೇಟೆ ಅಂಗಳವಾಗಿಬಿಡುತ್ತದೆ.

ಜೋಗದ ಕಥೆ ಬೇರೆ. 253 ಮೀಟರಿನ ಜಲಪಾತವನ್ನು 25ರ ಅಳತೆಯಲ್ಲಿ ಕಟ್ಟಿದರೆ 10 ಮೀಟರ್ ದಾಟುತ್ತದೆ. ಅಷ್ಟೆತ್ತರ ನಿಮ್ಮಿಂದ ಆಗದು. ಅದರ ಮುಂದೆ ನಿಮ್ಮ 50 ಮೀಟರಿನ ದೈತ್ಯ ಐದನೇ ಒಂದು ಪಾಲೂ ಇಲ್ಲ, ಹಾಗಾಗಿ ಜೋಗದ ಪಕ್ಕ ಅವನನ್ನು ನಿಲ್ಲಿಸುವುದೇ ಅವನನ್ನು ಸಣ್ಣದು ಮಾಡಿದಂತೆ. ಮಾಡಲೇಬೇಕು ಅಂದರೆ ಆ ಒಂದು ಶಾಟಿಗೆ ಮಾತ್ರ 100ರ ಅಳತೆಗೆ ಇಳಿಯಿರಿ: ಬಂಡೆ ಎರಡೂವರೆ ಮೀಟರ್, ದೈತ್ಯ ಅರ್ಧ ಮೀಟರಿನ ಗೊಂಬೆ, ಕ್ಯಾಮೆರಾ 240 ಫ್ರೇಮ್. ನೀರು ಸುರಿಯಬೇಡಿ. ನೀರಿನ ಹನಿ ಕುಗ್ಗುವುದಿಲ್ಲ. ಮೇಲ್ಮೈ ಎಳೆತದಿಂದಾಗಿ ಅದು ತನ್ನ ಗಾತ್ರದಲ್ಲೇ ಇರುತ್ತದೆ, ಪರದೆಯ ಮೇಲೆ ಬಕೆಟ್ ಗಾತ್ರದ ಹನಿ ಬೀಳುತ್ತದೆ. ಬದಲಿಗೆ ಮೇಲಿನ ತಗಡಿನ ಸೀಳಿನಿಂದ ಪುಡಿ ಉಪ್ಪು ಸುರಿಸಿ. ಎರಡೂವರೆ ಮೀಟರ್ ಬೀಳಲು ಅದಕ್ಕೆ 0.7 ಸೆಕೆಂಡ್, ಹತ್ತು ಪಟ್ಟು ಹಿಗ್ಗಿದರೆ 7 ಸೆಕೆಂಡ್. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ ನಿಜವಾದ ಜೋಗಕ್ಕೂ ಅಷ್ಟೇ ಹಿಡಿಯುತ್ತದೆ. ಇಲ್ಲಿನ ಹವೆಯಲ್ಲಿ ಉಪ್ಪು ಗಂಟುಕಟ್ಟುತ್ತದೆ, ಬಾಣಲೆಯಲ್ಲಿ ಬಿಸಿ ಮಾಡಿ ಆರಿಸಿ, ಜರಡಿ ಹಿಡಿದು, ಆಗಲೇ ಬಳಸಿ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕಕ್ಕೂ ನಾಲ್ಕು ಸೀಳು. ರಾಜನದು ನೇರ, ರಾಣಿಯದು ಬಂಡೆಗೆ ತಾಗಿ ಜಾರುವಂತೆ. ಊರಿನವರು ನೋಡುವ ಚಿತ್ರ, ಅದನ್ನು ತಪ್ಪಿಸಿದರೆ ಬಿಡುವುದಿಲ್ಲ.

ಕ್ಯಾಮೆರಾವನ್ನು ಎಲ್ಲಿಡಬೇಕು? ನಿಂತ ಮನುಷ್ಯನ ಕಣ್ಣಿನ ಎತ್ತರ 1.6 ಮೀಟರ್, ಮಾದರಿಯಲ್ಲಿ 6.4 ಸೆಂ.ಮೀ. ಫೋನನ್ನು ಅಡ್ಡ ಹಿಡಿದು ಲೆನ್ಸ್ ಇರುವ ಮೂಲೆ ನೆಲದ ಕಡೆಗೆ ಬರುವಂತೆ ತಿರುಗಿಸಿ, ಆಗ ಆ ಎತ್ತರ ಸಿಗುತ್ತದೆ. ಸೊಂಟದ ಎತ್ತರದಿಂದ ತೆಗೆದರೆ ಹೆಲಿಕಾಪ್ಟರಿನಿಂದ ನೋಡಿದಂತೆ, ಅದನ್ನು ಒಂದೆರಡು ಶಾಟಿಗೆ ಮಿತಿಗೊಳಿಸಿ. ಹಿನ್ನೆಲೆ ಮಸುಕು ಮಾಡುವ ಪೋರ್ಟ್ರೇಟ್ ಥರದ ಮೋಡ್‌ಗಳು ಬೇಡವೇ ಬೇಡ. ಮುಂದಿನ ಮನೆ ಸ್ಪಷ್ಟ, ಹಿಂದಿನದು ಮಸುಕು ಅಂದರೆ ಅದು ಆಟಿಕೆ ಅಂತ ಸಾರಿದಂತೆ. ಫೋನಿನ ಸಣ್ಣ ಸೆನ್ಸರ್ ಇಲ್ಲಿ ನಿಮ್ಮ ಪರ, ದುಬಾರಿ ಕ್ಯಾಮೆರಾಕ್ಕಿಂತ ವಾಸಿ.

ಬೆಳಕಿಗೆ ಎಲ್‌ಇಡಿ ಬೇಡ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ, 120 ಫ್ರೇಮಿನಲ್ಲಿ ಚಿತ್ರ ಪಟಪಟ ಬಡಿಯುತ್ತದೆ. ಬಿಸಿಲೇ ಸರಿ. ಬೆಳಿಗ್ಗೆ ಹತ್ತರೊಳಗೆ ಅಥವಾ ಮಧ್ಯಾಹ್ನ ಮೂರೂವರೆಯ ಮೇಲೆ, ನೆರಳು ಉದ್ದ ಬೀಳುವಾಗ. ಷಟರ್ ಸೆಕೆಂಡಿನ 240ನೇ ಒಂದು ಪಾಲು ಇರಲಿ, ನಡುವೆ ಬೆಳಕು ಏರಿಳಿಯದಂತೆ ಎಕ್ಸ್‌ಪೋಷರ್ ಲಾಕ್ ಮಾಡಿ. ಹಿಂದಿನ ಗುಡ್ಡಗಳನ್ನು ಬಟ್ಟೆಯ ಮೇಲೆ ಬರೆಸಿ, ಪ್ರತಿ ಸಾಲಿನ ಮುಂದೆ ಒಂದೊಂದು ಪದರ ಬಿಳಿ ಸೊಳ್ಳೆಪರದೆ ಬಟ್ಟೆ ಸುಕ್ಕಿಲ್ಲದೆ ಎಳೆದು ಕಟ್ಟಿ, ದೂರ ಹೋದಂತೆ ಗುಡ್ಡ ತಾನಾಗಿ ತಿಳಿಯಾಗುತ್ತದೆ. ಹೊಳೆಯುವ ನೈಲಾನ್ ಪರದೆ ತಂದರೆ ಎಳೆಗಳು ಮಿಂಚಿ ಕೆಡಿಸುತ್ತವೆ.

ಒಡೆಯುವ ಗೋಡೆ ರಟ್ಟಿನದಾದರೆ ಮಡಚುತ್ತದೆ, ಅದೇ ನಿಮಗೆ ಆದದ್ದು. ಪ್ಲಾಸ್ಟರ್ ಆಫ್ ಪ್ಯಾರಿಸ್ ಬೇಕು. ಮಾಮೂಲಿಯಾಗಿ ಎರಡು ಪಾಲು ಪುಡಿಗೆ ಒಂದು ಪಾಲು ನೀರು. ಒಡೆಯುವುದಕ್ಕಾದ್ದರಿಂದ ನೀರನ್ನು ಒಂದೂಕಾಲು ಪಾಲು ಮಾಡಿ, ಗೋಡೆ ದುರ್ಬಲವಾಗಲಿ. ನೀರಿಗೆ ಪುಡಿ ಹಾಕಬೇಕು, ಪುಡಿಗೆ ನೀರಲ್ಲ, ಇಲ್ಲದಿದ್ದರೆ ಗಂಟು. 5 ಮಿ.ಮೀ. ದಪ್ಪ ಎರೆದು, ಗಟ್ಟಿಯಾದ ಮೇಲೆ ಹಿಂಬದಿಯಲ್ಲಿ ಅಡ್ಡಾದಿಡ್ಡಿ ಗೀರಿ. ಚೂರು ಎಲ್ಲಿ ಒಡೆಯಬೇಕೆಂದು ಗೀರು ನಿರ್ಧರಿಸುತ್ತದೆ. ಮನೆಯೊಳಗೆ ಮುಲ್ತಾನಿ ಮಿಟ್ಟಿ ತುಂಬಿಡಿ, ಕುಸಿದಾಗ ಮೋಡದಂತೆ ಏಳುತ್ತದೆ. ಮೈದಾ ಬೇಡ, ಗಾಳಿಯಲ್ಲಿ ತೇಲುವ ಹಿಟ್ಟು ಕಿಡಿ ತಾಗಿದರೆ ಸ್ಫೋಟಿಸುತ್ತದೆ. ಎಲ್ಲರಿಗೂ ಮಾಸ್ಕ್ ಇರಲಿ. ಬೆಂಕಿಯ ದೃಶ್ಯವನ್ನು ಮರೆತುಬಿಡಿ: ಜ್ವಾಲೆಯೂ ನೀರಿನಂತೆ ಅಳತೆಗೆ ಬಗ್ಗದು, ಫೋಮ್ ಹೊತ್ತಿದರೆ ವಿಷದ ಹೊಗೆ, ಒಳಗಿರುವವನಿಗೆ ಹೊರಬರಲು ಸಮಯವೂ ಇರುವುದಿಲ್ಲ.

ವೇಷಕ್ಕೆ 25 ಮಿ.ಮೀ. ಸೋಫಾ ಫೋಮ್, 6×3 ಅಡಿ ಹಾಳೆ ನಾಲ್ಕೈದು. ಅಂಟು ರಬ್ಬರ್ ಜಾತಿಯದು. ಎರಡೂ ಮೈಗೆ ಬಳಿದು, ಹತ್ತು ಹದಿನೈದು ನಿಮಿಷ ಬಿಟ್ಟು, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒತ್ತಿ. ಬಣ್ಣವನ್ನು ನೇರ ಫೋಮಿಗೆ ಬಳಿದರೆ ಮೊಣಕಾಲು ಮಡಚಿದೊಡನೆ ಬಿರುಕು. ಅಂಗಡಿಯ ಲ್ಯಾಟೆಕ್ಸಿಗೆ ಬಣ್ಣ ಬೆರೆಸಿ ಬಳಿಯಿರಿ. ಒಣಗಿದಾಗ ಬಣ್ಣ ಕಡುವಾಗುತ್ತದೆ, ಅದನ್ನು ಲೆಕ್ಕದಲ್ಲಿಡಿ. ತೋಟದಿಂದ ತಂದ ಹಸಿ ರಬ್ಬರ್ ಹಾಲು ಅಮೋನಿಯಾ ಇಲ್ಲದೆ ಕೆಲವೇ ಗಂಟೆಗಳಲ್ಲಿ ಹೆಪ್ಪುಗಟ್ಟುತ್ತದೆ. ಮನುಷ್ಯ ಅಂತ ಗೊತ್ತಾಗಿಸುವುದು ಕಾಲು: ತೊಡೆಗೆ ಫೋಮ್ ತುಂಬಿ ತೊಡೆಸಂದನ್ನು ಮೊಣಕಾಲಿನವರೆಗೆ ಇಳಿಸಿ. ನೋಡಲು ರಂಧ್ರ ಕತ್ತಿನಲ್ಲಿರಲಿ. ಬಾಲವನ್ನು ತಂಗೂಸಿ ದಾರದಿಂದ ಮೇಲಿನಿಂದ ಒಬ್ಬ ಆಡಿಸಲಿ. 1954ರ ವೇಷ ಸುಮಾರು 100 ಕೆ.ಜಿ. ಇತ್ತು, ಒಳಗಿದ್ದ ಹರುವೊ ನಕಾಜಿಮಾಗೆ ಕೆಲವು ನಿಮಿಷ ನಿಲ್ಲುವುದೂ ಕಷ್ಟವಾಗುತ್ತಿತ್ತು. ನಿಮ್ಮದು ಹಗುರವೇ ಆದರೂ ಐದು ನಿಮಿಷಕ್ಕೊಮ್ಮೆ ಜಿಪ್ ಬಿಚ್ಚಿ ನೀರು ಕುಡಿಸಿ.

ಒಳಗೆ ಯಾರು ಅನ್ನುವುದಕ್ಕೆ ನನ್ನ ಮತ ಒಂದೇ: ಯಕ್ಷಗಾನದ ರಾಕ್ಷಸ ವೇಷ ಮಾಡಿದವರು ಸಿಕ್ಕರೆ ಜಿಮ್ ಹುಡುಗ ಬೇಡ. ಭಾರ ಹೊತ್ತು ಕುಣಿಯುವುದು ಅವರಿಗೆ ರೂಢಿ. ತೆರೆಯ ಹಿಂದೆ ಮೊದಲು ಕಿರೀಟ, ಆಮೇಲೆ ಕಣ್ಣು ಅಂತ ಕಂತು ಕಂತಾಗಿ ಕಾಣಿಸಿಕೊಳ್ಳುವುದೂ ಗೊತ್ತು. ದೈತ್ಯನ ಪ್ರವೇಶವನ್ನೂ ಹಾಗೇ ತೆಗೆಯಿರಿ, ಮೊದಲು ಮಾಡಿನ ಮೇಲೆ ಬೆನ್ನು ಮಾತ್ರ. ನಕಾಜಿಮಾ ನಡಿಗೆ ಕಲಿಯಲು ಮೃಗಾಲಯಕ್ಕೆ ಹೋಗಿ ಆನೆ, ಕರಡಿ ನೋಡಿದವರು. ನಿಮಗೆ ಗಾಜನೂರಿನ ಹತ್ತಿರ ಸಕ್ರೆಬೈಲು ಆನೆ ಬಿಡಾರವೇ ಇದೆ. ಬೆಳಿಗ್ಗೆ ಆನೆ ಹೊಳೆಗೆ ಇಳಿಯುವಾಗ ಪಾದ ಊರಿ, ಭಾರ ದಾಟಿಸಿ, ಆಮೇಲೆ ಮುಂದಿನ ಕಾಲು ಎತ್ತುವುದನ್ನು ಗಮನಿಸಿ. ನಟ ನಿಧಾನವಾಗಿ ನಡೆಯಬಾರದು, ಆ ಕೆಲಸ ಕ್ಯಾಮೆರಾದ್ದು. ಅವನೂ ನಿಧಾನಿಸಿದರೆ ಹೆಜ್ಜೆ ಮುಗಿಯುವಷ್ಟರಲ್ಲಿ ಜನ ಎದ್ದು ಹೋಗುತ್ತಾರೆ.

ಘರ್ಜನೆಗೆ ಸಂಗೀತಗಾರ ಅಕಿರಾ ಇಫುಕುಬೆ ಡಬಲ್ ಬಾಸ್ ವಾದ್ಯದ ತಂತಿಯನ್ನು ಸಡಿಲಿಸಿ, ರಾಳ ಹಚ್ಚಿದ ಚರ್ಮದ ಕೈಗವಸಿನಿಂದ ಉಜ್ಜಿಸಿದ್ದರು. ನೀವು ಬಾಸ್ ಗಿಟಾರಿನ ದಪ್ಪ ತಂತಿಯಲ್ಲಿ ಅದನ್ನೇ ಮಾಡಿ, ಅರ್ಧ ವೇಗಕ್ಕೆ ಇಳಿಸಿ. ಹೆಜ್ಜೆ ಸದ್ದನ್ನು ಕಾಲು ಊರಿದ ಕ್ಷಣಕ್ಕೇ ಹಾಕಬೇಡಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ, ಒಂದು ಕಿಲೋಮೀಟರ್ ಆಚೆಯ ದೈತ್ಯನ ಹೆಜ್ಜೆ ಮೂರು ಸೆಕೆಂಡ್ ತಡವಾಗಿ ಕೇಳಬೇಕು.

ಇದೆಲ್ಲ ಡಿಸೆಂಬರಿನಿಂದ ಫೆಬ್ರವರಿಯೊಳಗೆ. ಮಳೆಗಾಲದಲ್ಲಿ ಪ್ಲಾಸ್ಟರ್ ಒಣಗದು, ಫೋಮಿಗೆ ಬೂಸ್ಟು ಹಿಡಿಯುತ್ತದೆ. ವೇಷಕ್ಕೆ ದುಡ್ಡು ಹಾಕುವ ಮೊದಲು ಒಂದೇ ಒಂದು 20 ಸೆಂ.ಮೀ. ಗೋಡೆ ಎರೆದು, ಕೈಯಿಂದ ಗುದ್ದಿ, 120ರಲ್ಲಿ ತೆಗೆದು ನೋಡಿ. ಅದು ಮನೆಯ ಗೋಡೆ ಬಿದ್ದಂತೆ ಕಂಡರೆ ಮಾತ್ರ ಫೋಮ್ ತರಲು ಹೊರಡಿ.